ಬೆಂಕಿಯ ಮುಂದೆ ನಿನ್ನ ಹೆಸರು

ಏನೇ,

ನೀನು ಹೋಗಿ ಇವತ್ತಿಗೆ ವರ್ಷ. ಗಂಧದ ಚಕ್ಕೆ ಹಿಡಿದು ನಿಮ್ಮ ಪಾರ್ಸಿಗಳ ಅಗ್ನಿಮಂದಿರಕ್ಕೆ ಹೋಗಿದ್ದೆ. ನಾನು ಜರತುಷ್ಟ್ರನ ಮತದವನಲ್ಲವಲ್ಲ, ರೂಲ್ ಈಸ್ ರೂಲ್, ಬಾಗಿಲಲ್ಲೇ ನಿಂತೆ. ಚಕ್ಕೆ ಇಸಿದುಕೊಂಡು ನಿನ್ನ ತಮ್ಮ ಒಳಗೆ ಹೋದ. ಬೆಂಕಿಯನ್ನು ಪೂಜಿಸುವ ಮತದಲ್ಲಿ ಹುಟ್ಟಿ ದಿನವಿಡೀ ಸಿಗರೇಟು ಸುಡುವವನಿಗೆ ತಡೆಯಿಲ್ಲ.

"ಪೂಜಾರಿಗಳು ಅಕ್ಕನ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ರು ಭಾವ," ಎಂದ ಹೊರಗೆ ಬಂದು.

"ಹೆಂಡತಿ ಹೆಸರಿನ ಜೊತೆ ಗಂಡನ ಹೆಸರು ಸೇರಿಸ್ತಾರಲ್ಲ, ನನ್ನದು?"

"ಹೊರಗಿನವರದ್ದು ಹೇಳೋ ಹಾಗಿಲ್ಲ. ಅಪ್ಪನ ಹೆಸರು ಸೇರಿಸಿದ್ರು."

ಅಂದರೆ ಆ ಬೆಂಕಿಯ ಮುಂದೆ ನಿನಗೆ ಮದುವೆಯೇ ಆಗಿಲ್ಲ. ನಾವು ಬಾಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಒಳ್ಳೆಯ ಯೋಚನೆ, ಒಳ್ಳೆಯ ಮಾತು, ಒಳ್ಳೆಯ ಕೆಲಸ, ಇಷ್ಟೇ ನಮ್ಮ ಧರ್ಮ ಎನ್ನುತ್ತಿದ್ದವಳು ನೀನು. ಅವನಿಗೆ ಥ್ಯಾಂಕ್ಸ್ ಎಂದೆ. ಮಾತಿನದೊಂದು ಮುಗಿಯಿತು. ಉಳಿದೆರಡು ನನ್ನಿಂದಾಗಲಿಲ್ಲ.