ಹುಣಸೆಮರದ ಕೆಳಗೆ

ಆಡಿಸ್ ಅಬಾಬಾ

ಅವ್ವಾ,

ಈ ಕಾಗದವನ್ನು ಪಾದ್ರಿಯವರಿಂದಲೇ ಓದಿಸಿಕೋ. ಅಣ್ಣನ ಕೈಗೆ ಈಗಲೇ ಕೊಡಬೇಡ.

ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದ ಶಾಂತಿ ಅಧ್ಯಯನ ಕೇಂದ್ರಕ್ಕೆ ನದಿಯಾಚೆಯ ಮುದುಕರೊಬ್ಬರು ಬಂದಿದ್ದಾರೆ. ಹೆಸರು ಮಕ್ವೇಯಿ. ದನಗಳಿಗಾಗಿ ನಮ್ಮವರೂ ಅವರೂ ಹೊಡೆದಾಡಿದ ದಿನಗಳ ಬಗ್ಗೆ ಕೇಳಲು ಕರೆಸಿದ್ದರು. ಅವರಾಡುವುದೂ ನಮ್ಮ ಭಾಷೆಯೇ ಆದ್ದರಿಂದ ಅವರ ಮಾತನ್ನು ಸಭೆಗೆ ಇಂಗ್ಲಿಷಿನಲ್ಲಿ ಹೇಳುವ ಕೆಲಸ ನನ್ನದು. ಅವರು ‘ನಾನು’ ಅಂದರೆ ನಾನೂ ‘ನಾನು’ ಎಂದೇ ಹೇಳಬೇಕು.

“ಹೋರಿಗಳ ಮೇಲೆ ಹಾಡು ಕಟ್ತಿದ್ದ ಮಜೋಕ್ ಇದ್ನಲ್ಲ, ಅವನನ್ನ ಈಟಿಯಿಂದ ತಿವಿದೋನು ನಾನೇ,” ಅಂದರು.

ಅಪ್ಪನನ್ನು ನಾನೇ ತಿವಿದೆ ಎಂದು ನನ್ನ ಬಾಯಿಂದಲೇ ಹೇಳಿದೆ, ಅವ್ವಾ. ನಿಲ್ಲಿಸಿದ್ದರೆ ಅವರು ಮುಂದೆ ಹೇಳುತ್ತಿರಲಿಲ್ಲ.

“ಹದ್ದಿಗೆ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ. ನದಿ ತಿರುವಿನಲ್ಲಿರೋ ಹುಣಸೆಮರದ ಕೆಳಗೆ ಮಣ್ಣು ಮಾಡ್ದೆ.”

ಇಷ್ಟು ವರ್ಷ ನಾವು ಹುಡುಕಿದ ಜಾಗ ಅದು. ಅವರ ಆ ಮಾತನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ಬರೆದುಕೊಂಡರು.

ಸಂಜೆ ಕಾಫಿ ಕೊಡುವಾಗ “ನಾನು ಮಜೋಕನ ಮಗಳು” ಅಂದೆ. ಅವರು ಕಾಫಿಯನ್ನು ಕೆಳಗಿಟ್ಟರು.

“ಮತ್ಯಾಕೆ ಸುಮ್ನಿದ್ದೆ, ಮಗಳೇ?”

“ಅಪ್ಪ ಎಲ್ಲಿದ್ದಾನೆ ಅಂತ ಗೊತ್ತಾಗ್ಬೇಕಿತ್ತು.”

ಆಮೇಲೂ ಅಲ್ಲಿಂದ ಏಳಲು ನನಗೆ ಮನಸ್ಸು ಬರಲಿಲ್ಲ.

ಚಿಕ್ಕಪ್ಪನನ್ನು ಕರೆದುಕೊಂಡು ಹೋಗಿ ಆ ಮರ ನೋಡಿ ಬಾ. ಒಬ್ಬಳೇ ಹೋಗಬೇಡ. ಅಲ್ಲಿಂದ ಬಂದ ಮೇಲೆ ಅಣ್ಣನಿಗೆ ನೀನೇ ಹೇಳು. ಅವನು ಬಂದೂಕು ಎತ್ತಿಕೊಂಡು ಹೊರಡದ ಹಾಗೆ ನೋಡಿಕೋ.

ನಾಳೆ ಅವರು ಊರಿಗೆ ಹೊರಡುತ್ತಾರೆ. ಆಮೇಲೆ ಇಲ್ಲಿ ನನ್ನ ಜೊತೆ ನಮ್ಮ ಭಾಷೆ ಮಾತಾಡುವವರು ಯಾರೂ ಇರುವುದಿಲ್ಲ.

ನಿನ್ನ ಮಗಳು,
ಅಯೇನ್