ಮೂರನೇ ಡ್ರಾಯರಿನಲ್ಲಿ ಮಲಗಿದ್ದ ವರದಿ

ಹೆರಿಗೆ ಆಸ್ಪತ್ರೆಯ ಮೂರನೇ ಡ್ರಾಯರಿಗೆ ಬೀಗ ಹಾಕಿಸಿದ ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ರಕ್ತ ನನ್ನದೇ ಎಂದು ಇಷ್ಟು ದಿನ ನಂಬಿದ್ದೆ. ಅದರ ವರದಿ ಮಾತ್ರ ಗಂಡನ ಜೊತೆ ಜಂಟಿ ಆಸ್ತಿ ಎಂಬುದು ನಿಮ್ಮ ಸುತ್ತೋಲೆಯನ್ನು ಡಾಕ್ಟರಮ್ಮ ತೋರಿಸಿದ ಮೇಲೆ ತಿಳಿಯಿತು. ಬಸುರಿಯ ರಕ್ತದಲ್ಲಿ ಸಿಫಿಲಿಸ್ ಕಂಡುಬಂದರೆ ದಂಪತಿಗಳು ಒಟ್ಟಿಗೆ ಬಂದಾಗ ಮಾತ್ರ ತಿಳಿಸತಕ್ಕದ್ದು, ಅಲ್ಲಿಯವರೆಗೆ ಕಾರ್ಡಿನಲ್ಲಿ ಪೆನ್ಸಿಲ್ ಗುರುತು ಮಾತ್ರ ಹಾಕಿ, ವರದಿಯನ್ನು ಲಕೋಟೆಯಲ್ಲಿಟ್ಟು ಬೀಗ ಹಾಕತಕ್ಕದ್ದು. ಸಂಸಾರಗಳ ನೆಮ್ಮದಿಗಾಗಿ ಎಂದು ಕಾರಣವನ್ನೂ ದಯಪಾಲಿಸಿದ್ದೀರಿ. ಗುಪ್ತರೋಗ ಎಂಬ ಹೆಸರಿಗೆ ಇಷ್ಟು ನಿಷ್ಠೆ ತೋರಿದ ಕಚೇರಿ ಇನ್ನೊಂದಿರಲಾರದು. ರೋಗ ಬಂದವಳಿಗೂ ಅದು ಗುಪ್ತ.

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಪೆನ್ಸಿಲ್ ಗುರುತು ಕಂಡಲ್ಲಿ ನಿಲ್ಲುವುದು ನನ್ನ ಕಣ್ಣಿನ ಚಾಳಿ. ನಾಲ್ಕನೇ ತಿಂಗಳಲ್ಲಿ ರಕ್ತ ಕೊಟ್ಟು ಬಂದು, ಮುಂದಿನ ಸಲ ಹೋದಾಗ ನನ್ನ ತಪಾಸಣೆ ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನ ಸಣ್ಣ ಸೊನ್ನೆಯೊಂದು ಕಂಡಿತು. ಏನಿದು ಎಂದು ಕೇಳಿದೆ. ನರ್ಸಮ್ಮ ಕಾರ್ಡು ನೋಡಿದರು, ನನ್ನ ಪಕ್ಕದ ಖಾಲಿ ಕುರ್ಚಿ ನೋಡಿದರು.

"ಒಬ್ರೇ ಬಂದ್ರಾ?"

"ಹೂಂ, ಒಬ್ಬಳೇ. ಅವ್ರು ಹಡಗಲ್ಲಿ ಎಂಜಿನ್ ಕೆಲಸ. ಬರೋದಿಕ್ಕೆ ಇನ್ನೂ ಐದು ತಿಂಗಳಿದೆ."

"ಹಾಗಾದ್ರೆ ಅವ್ರು ಬಂದ್ಮೇಲೆ ಇಬ್ರೂ ಬನ್ನಿ, ಹೇಳ್ತೀವಿ. ಗಾಬರಿ ಪಡೋದೇನಿಲ್ಲಮ್ಮ."

ಪಡಲಿಲ್ಲ. ಅಪ್ಪನಾಗುವವರಿಗೆ ಕೊಡುವ ಉಪದೇಶವಿರಬೇಕು, ಅದಕ್ಕಾಗಿ ಹಡಗು ತಿರುಗಿಸುವುದು ಬೇಡ ಎಂದುಕೊಂಡೆ. ಊರವರ ತಪ್ಪನ್ನೆಲ್ಲ ತಿದ್ದುವವಳು ನನ್ನ ಕಾರ್ಡಿನ ಸೊನ್ನೆಯನ್ನು ಹಾಗೇ ಬಿಟ್ಟೆ. ಆಮೇಲೂ ಮೂರು ಸಲ ಹೋದೆ. ತೂಕ ನೋಡಿದರು, ಕಬ್ಬಿಣದ ಮಾತ್ರೆ ಕೊಟ್ಟರು, ಒಬ್ಬಳೇ ಬಂದೆನೇ ಎಂದು ತಪ್ಪದೆ ವಿಚಾರಿಸಿದರು. ಮೈಮೇಲೆ ಒಂದು ಗುಳ್ಳೆಯಿಲ್ಲ, ನೋವಿಲ್ಲ, ಜ್ವರವಿಲ್ಲ. ಸಂಜೆ ಮನೆಗೆ ಬಂದು, ಆ ದಿನ ಹಿಡಿದ ಅಚ್ಚಿನ ತಪ್ಪುಗಳನ್ನು ಹೊಟ್ಟೆಯೊಳಗಿದ್ದವಳಿಗೆ ಓದಿ ಹೇಳುತ್ತಿದ್ದೆ. ಒಳ್ಳೆಯ ಜೋಕಿಗೆ ಒದೆಯುತ್ತಿದ್ದಳು. ಕೆಟ್ಟದಕ್ಕೂ ಒದೆಯುತ್ತಿದ್ದಳು. ಅಂಥ ಕೇಳುಗರು ನನಗೆ ಮತ್ತೆ ಸಿಕ್ಕಿಲ್ಲ.

ಎಂಟನೇ ತಿಂಗಳ ಒಂದು ಬುಧವಾರ ಯಾವುದಕ್ಕೂ ಒದೆಯಲಿಲ್ಲ.

ಹೆರಿಗೆಯಾಯಿತು, ಅಳು ಕೇಳಲಿಲ್ಲ. ಮರುದಿನ ಡಾಕ್ಟರಮ್ಮ ಡ್ರಾಯರು ತೆಗೆಸಿ ನನ್ನ ಲಕೋಟೆ ಒಡೆದರು. ಗೋಡೆ ನೋಡುತ್ತಾ ಹೇಳಿದರು: "ಪೆನಿಸಿಲಿನ್‌ಗೆ ಬಗ್ಗೋ ಕಾಯಿಲೆ ಕಣಮ್ಮ ಇದು. ಆಗ್ಲೇ ಹಾಕಿದ್ರೆ ಮಗು ಬಹುಶಃ ಉಳೀತಿತ್ತು." ನನಗೆ ಅಂದೇ ಇಂಜೆಕ್ಷನ್ ಹಾಕಿದರು. ಅಂದೂ ನಾನು ಒಬ್ಬಳೇ ಇದ್ದೆ, ಯಾರೂ ಆಕ್ಷೇಪಿಸಲಿಲ್ಲ. ಪೆನಿಸಿಲಿನ್ ಬೇಕಿದ್ದ ಕಡೆ ಪೆನ್ಸಿಲ್ ಬಳಸಿದ ಈ ಹಾಸ್ಯ ನನ್ನದಲ್ಲ ಮಾನ್ಯರೇ, ನಿಮ್ಮದು.

ಗಂಡನಿಗೆ ಫೋನಿನಲ್ಲಿ ತಿಳಿಸಿದೆ. ಎಂಜಿನ್ನಿನ ಸದ್ದಿನ ನಡುವೆ, ಮುಂದಿನ ಬಂದರಿನಲ್ಲಿ ತಾವೂ ಇಂಜೆಕ್ಷನ್ ತೆಗೆದುಕೊಳ್ಳುವುದಾಗಿ ಹೇಳಿದರು. ಎಲ್ಲಿಂದ, ಯಾವಾಗಿನಿಂದ ಎಂದು ನಾನು ಕೇಳಲಿಲ್ಲ. ಅವರು ಕೆಲಸದ ಕರಾರನ್ನು ಇನ್ನೊಂದು ವರ್ಷ ಮುಂದುವರಿಸಿದ್ದಾರೆ. ನೀವು ಕಾಪಾಡಹೊರಟ ಸಂಸಾರದ ನೆಮ್ಮದಿ ನಮ್ಮ ಮನೆಯಲ್ಲೀಗ ಧಾರಾಳವಾಗಿದೆ. ಒಂದು ಸದ್ದಿಲ್ಲ.

ಅಂದು ನನ್ನ ಲಕೋಟೆ ತೆಗೆದಾಗ ಅದರ ಕೆಳಗೆ ಇನ್ನೂ ಲಕೋಟೆಗಳಿದ್ದವು. ಅವುಗಳ ಒಡತಿಯರು ಈ ಹೊತ್ತು ನಿಮ್ಮ ಕಾರಿಡಾರಿನ ಬೆಂಚಿನ ಮೇಲೆ ಗಾಬರಿಯಿಲ್ಲದೆ ಕೂತಿದ್ದಾರೆ. ನನಗೆ ಸಮಿತಿ ಬೇಡ, ಸಂತಾಪ ಬೇಡ. ಇವತ್ತೇ ಬೀಗ ತೆಗೆಸಿ. ಪ್ರತಿಯೊಬ್ಬಳ ವರದಿಯನ್ನು ಅವಳ ಕೈಗೇ ಕೊಟ್ಟು ಅಲ್ಲೇ ಇಂಜೆಕ್ಷನ್ ಹಾಕಿಸಿ. ಗಂಡನನ್ನೂ ಕರೆಸಿ, ಅವನಿಗೂ ಹಾಕಿಸಿ, ಇಲ್ಲದಿದ್ದರೆ ಅದು ಅವಳಿಗೆ ಮತ್ತೆ ಅಂಟುತ್ತದೆ. ಆದರೆ ಅವನ ದಾರಿ ಕಾಯುತ್ತಾ ಕೂರಿಸಬೇಡಿ. ಹೊಟ್ಟೆಯಲ್ಲಿರುವ ಜೀವಕ್ಕೆ ಅಷ್ಟು ಪುರುಸೊತ್ತಿಲ್ಲ.

ಕೊನೆಗೊಂದು ತಿದ್ದುಪಡಿ. ನರ್ಸಮ್ಮನ ಪ್ರಶ್ನೆಗೆ ಅಂದು ನಾನು ತಪ್ಪು ಉತ್ತರ ಕೊಟ್ಟೆ. ನಾಲ್ಕು ಸಲವೂ ನಾವು ಇಬ್ಬರು ಬಂದಿದ್ದೆವು.

ಇಂತಿ,
ಈಗ ನಿಜಕ್ಕೂ ಒಬ್ಬಳೇ ಇರುವ
ಕರಡು ತಿದ್ದುವವಳು