ಹರಣಿಯ ಖುರಾಕು

ನವೆಂಬರ್ 6, ಬೆಳಿಗ್ಗೆ 6.30

ಮತ್ತೆ ಕಚ್ಚಲು ಬಂತು. ಈ ಸಲ ಬಲಗೈಗೆ. ಸೆರಗು ಹರಿಯಿತು, ಕೈ ಉಳಿಯಿತು. ಕಾಳಿನ ಬುಟ್ಟಿ ಅಲ್ಲೇ ಬಿಟ್ಟು ಹೊರಗೆ ಓಡಿದೆ.

ಹರಣಿ ಹೀಗಿರಲಿಲ್ಲ. ಮೂರು ವರ್ಷದ ಹಿಂದೆ ನಮ್ಮವರು ತಂದಾಗ ನನ್ನ ಹೆಗಲ ಮೇಲೆ ಗದ್ದ ಇಟ್ಟು ನಿಲ್ಲುತ್ತಿತ್ತು. ಈಗ ಗಾಡಿ ಶರ್ಯತ್ತಿನ ಕುದುರೆ, ಓಟದ ಪಂದ್ಯಕ್ಕೇ ತಯಾರು ಮಾಡಿದ್ದು. ಹತ್ತು ದಿನದ ಹಿಂದೆ, ತಾಲೀಮಿನಲ್ಲಿ, ಗಾಡಿ ಕಲ್ಲಿಗೆ ಬಡಿದು ಇವರ ಕಾಲರ್ ಬೋನ್ ಮುರಿಯಿತು. ಗೋಕಾಕದ ಡಾಕ್ಟರು ಆರು ವಾರ ರೆಸ್ಟ್ ಅಂದಿದ್ದಾರೆ. ಕುದುರೆ ನನ್ನ ಪಾಲಿಗೆ.

ಅಂಗನವಾಡಿ ಬಾಗಿಲು ತೆರೆಯಬೇಕು, ಮಕ್ಕಳು ಕಾಯುತ್ತಿರುತ್ತವೆ.

ನವೆಂಬರ್ 8

ಬೆಳಿಗ್ಗೆ ಎರಡು ಸೇರು ಗೋವಿನಜೋಳ, ನೆನೆಸಿದ ಕಡಲೆ, ಬೆಲ್ಲ. ಸಂಜೆ ಮತ್ತೆ ಅಷ್ಟೇ. ಒಣ ಕಣಕಿ, ಜೋಳದ ದಂಟಿನ ಮೇವು, ಹೆಸರಿಗೆ ಮಾತ್ರ. ದಿನಾ ಓಡುವಾಗ ಹಾಕುತ್ತಿದ್ದ ಖುರಾಕೇ, ಕಟ್ಟಿಹಾಕಿದ ಮೇಲೂ. ಅಷ್ಟೊಂದು ಕಸುವು ಎಲ್ಲಿಗೆ ಹೋಗಬೇಕು? ಗೋಡೆ ಒದೆಯುತ್ತದೆ. ನನ್ನನ್ನು ಕಚ್ಚುತ್ತದೆ.

ಊಟಕ್ಕೆ ಕೂತಾಗ ಕೇಳಿದೆ — "ಖುರಾಕ ಸ್ವಲ್ಪ ಕಡಿಮಿ ಮಾಡ್ಲೇನ್ರಿ?"

"ಶರ್ಯತ್ತಿನ ಕುದುರಿ ಅದು. ನಿನ್ನ ಅಂಗನವಾಡಿ ಹುಡುಗೂರಲ್ಲ. ಖುರಾಕ ಇಳಿಸಿದರ ದಮ್ಮ ಹೋಗತೈತಿ. ಇಪ್ಪತ್ನಾಕಕ್ಕ ದಡ್ಡಿ ಕಡೆ ಶರ್ಯತ್ತ ಐತಿ. ಗಾಡಿ ಗಜಾನನ ಹೊಡಿತಾನ."

ಗಜಾನನ ಇವರ ತಮ್ಮ. ಮಸಗುಪ್ಪಿಯಲ್ಲಿರುತ್ತಾನೆ. ಅಣ್ಣನ ಮಾತು ಮೀರುವವನಲ್ಲ.

ನವೆಂಬರ್ 11

ಮೂಡಲಗಿಯಿಂದ ಬರಬೇಕಿದ್ದ ಗೋವಿನಜೋಳ ಬರಲಿಲ್ಲ. ಎರಡು ದಿನ ಬರೀ ಕಣಕಿ, ಹಸಿಹುಲ್ಲು, ನೀರು. ಇವತ್ತು ಹರಣಿಯ ಕಾಲು ತೊಳೆದೆ. ಸುಮ್ಮನೆ ನಿಂತಿತ್ತು... ಎರಡು ವಾರದಲ್ಲಿ ಮೊದಲ ಸಲ.

ಸಂಜೆ ಗೋವಿನಜೋಳದ ಚೀಲ ಬಂತು.

ನವೆಂಬರ್ 12

ಹೇಳದೆ ಮಾಡಿದೆ. ಕಡಲೆ, ಬೆಲ್ಲ ಬಂದ್. ಗೋವಿನಜೋಳ ಕಾಲು ಭಾಗ. ಕಣಕಿ ದಿನವಿಡೀ. ಬೆಳಿಗ್ಗೆ ಹೊಳೆಯ ತನಕ ನಡೆಸಿಕೊಂಡು ಹೋಗಿ ಬಂದೆ.

ಮೇವು ಹಾಕುವ ಗೋದಲಿಯ ಹತ್ತಿರ ಅತ್ತೆ ಮುದಕವ್ವ ನಿಂತಿದ್ದರು.

"ಏನ ರಾಜಿ, ಬುಟ್ಟಿ ಹಗರ ಕಾಣತೈತಿ?"

ಬುಟ್ಟಿ ಹಿಂದಕ್ಕೆ ಸರಿಸಿದೆ. ಅವರು ಹರಣಿಯ ಮುಖ ನೋಡಿದರು, ಬಹಳ ಹೊತ್ತು.

"ನಾ ಏನೂ ನೋಡಿಲ್ಲ ಬಿಡು."

ನವೆಂಬರ್ 21, ಮಧ್ಯಾಹ್ನ

ಸಿಕ್ಕಿಬಿದ್ದೆ.

ಇವರು ಕೈಗೆ ಜೋಳಿಗೆ ಕಟ್ಟಿಕೊಂಡೇ ಕುದುರೆ ನೋಡಲು ಬಂದರು. ಹರಣಿ ತಲೆ ತಗ್ಗಿಸಿ ಮೇಯುತ್ತಿತ್ತು. ಇಷ್ಟು ಹೊತ್ತಿಗೆ ಖಾಲಿಯಾಗಬೇಕಿದ್ದ ಕಾಳಿನ ಚೀಲ ಇನ್ನೂ ತುಂಬಿತ್ತು, ಅದರ ಮೇಲೆ ಇವರ ಕಣ್ಣು ಬಿತ್ತು.

"ಏನ ಮಾಡಿದಿ ಇದಕ್ಕ? ಜೀವ ಇಲ್ಲದಂಗ ನಿಂತೈತಿ!"

"ಶಾಂತ ಆಗೈತ್ರಿ. ಅಷ್ಟ."

"ಶಾಂತ ಆದ ಕುದುರಿ ತಗೊಂಡ ಏನ ಮಾಡ್ಲಿ? ನನ್ನ ಕೇಳದ, ನನ್ನ ಕುದುರಿಗೆ..."

ಮುಂದಿನದು ಬರೆಯುವುದಿಲ್ಲ. ಕಾಳಿನ ಕೋಣೆಯ ಬೀಗದ ಕೈ ಕಿತ್ತುಕೊಂಡರು. ಗಜಾನನನಿಗೆ ಫೋನು, ಖುರಾಕು ಇನ್ನು ಅವನೇ ಬಂದು ಹಾಕಬೇಕು. ಮೂರು ದಿನ ಡಬಲ್ ಖುರಾಕು. ನಡೆಸುವುದು ಬೇಡ, ಕಸುವು ಕೂಡಲಿ ಅಂತೆ.

ನವೆಂಬರ್ 22

ಗೋಡೆ ಒದೆಯುವ ಸದ್ದು ಅಡುಗೆಮನೆಯವರೆಗೂ.

ಹುಕ್ಕೇರಿಯ ದನದ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಎಲ್ಲ ಕೇಳಿ ಹೇಳಿದರು: "ಕಟ್ಟಿಹಾಕಿ ಕಾಳ ತಿನ್ನಿಸಿ ಒಮ್ಮಿಗಲೇ ಓಡಿಸಿದರ ಮೈಯಾನ ಸ್ನಾಯು ಹಿಡಕೊಂತಾವ್ರಿ. ಹಂಗೇನರ ಆದರ ಒಂದ ಹೆಜ್ಜಿನೂ ನಡಸಬ್ಯಾಡ್ರಿ. ನನಗ ಫೋನ್ ಹಚ್ಚರಿ."

ಇವರಿಗೆ ಹೇಳಿದೆ. ಮುಖ ಆಚೆ ತಿರುಗಿಸಿದರು.

ನವೆಂಬರ್ 24, ಭಾನುವಾರ, ಸಂಜೆ 4

ಶರ್ಯತ್ತಿನ ರಸ್ತೆ ಬದಿ, ಬೇವಿನ ಮರದ ಕೆಳಗೆ. ಡೈರಿ ಚೀಲದಲ್ಲೇ ಇತ್ತು. ಬರೆಯದಿದ್ದರೆ ಅಳು ಬರುತ್ತದೆ.

ಮೊದಲ ಕಿಲೋಮೀಟರ್ ಎಲ್ಲರಿಗಿಂತ ಮುಂದೆ. ಇವರು ನಮ್ಮ ಜೀಪಿನಲ್ಲಿ ಎದ್ದು ನಿಂತು ಕೂಗುತ್ತಿದ್ದರು. ಆಮೇಲೆ ಹಿಂಗಾಲು ಕಟ್ಟಿಗೆಯ ಹಾಗೆ ಸೆಟೆಯಿತು. ಬೆವರು ಧಾರೆಧಾರೆ. ಗಜಾನನ ಬಾರುಕೋಲು ಎತ್ತಿದ. ಜೀಪು ನಿಲ್ಲುವ ಮೊದಲೇ ಜಿಗಿದು ಓಡಿದೆ.

"ನಡಸು! ನಡಸಿದರ ಸಡಲ ಆಗತೈತಿ!" — ಹಿಂದಿನಿಂದ ಇವರ ದನಿ.

ಹರಣಿಯ ಎದುರು ನಿಂತು ಕಡಿವಾಣ ಹಿಡಿದೆ. "ಒಂದ ಹೆಜ್ಜಿ ನಡಸಿದರ ಸಾಯತೈತ್ರಿ. ನನ್ನ ಮ್ಯಾಲೆ ಗಾಡಿ ಹಾಯಿಸಿ ನಡಸ್ರಿ ಬೇಕಾದರ!"

ಅಷ್ಟು ಜನರ ಎದುರು ಇವರ ಮೇಲೆ ಕೂಗಿದೆ. ಹತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ. ಇವರ ಮುಖ ಕಪ್ಪಿಟ್ಟಿತು. ಬಂದು ಹರಣಿಯ ಹಿಂಭಾಗ ಮುಟ್ಟಿದರು. ಕಲ್ಲು. ಅಷ್ಟರಲ್ಲಿ ಅದು ಉಚ್ಚೆ ಹೊಯ್ದಿತು, ಚಹಾದ ಡಿಕಾಕ್ಷನ್ ಬಣ್ಣ. ಇವರು ಗಜಾನನನಿಗೆ ಕೈಸನ್ನೆ ಮಾಡಿದರು.

ಗಜಾನನ ಮೆಲ್ಲಗೆ ಗಾಡಿ ಬಿಚ್ಚಿದ.

ನಾನು ಫೋನು ಮಾಡಿದ ಮೇಲೆ ಡಾಕ್ಟರಮ್ಮ ಒಂದು ಗಂಟೆಯಲ್ಲಿ ಬಂದರು. ಹರಣಿ ಮಲಗಿಬಿಟ್ಟಿದೆ, ಸಲೈನು ಹೋಗುತ್ತಿದೆ, ನಾಲ್ಕನೆಯದು. ಕಿಡ್ನಿ ತಡೆದುಕೊಂಡರೆ ಉಳಿಯುತ್ತದೆ, ನಾಳೆಯ ತನಕ ಏನೂ ಹೇಳಲಾಗದು ಅಂದರು.

ನವೆಂಬರ್ 25, ಬೆಳಿಗ್ಗೆ 7

ಇದೆ. ಉಸಿರಿದೆ.

ಐದಕ್ಕೆ ತಾನೇ ಎದ್ದು ನಿಂತಿತು. ಉಚ್ಚೆಯ ಬಣ್ಣ ತಿಳಿಯಾಗಿದೆ. ಒಂದು ವಾರ ಇಲ್ಲೇ, ಹತ್ತಿರದ ತೋಟದ ಶೆಡ್ಡಿನಲ್ಲಿ. ಹುಲ್ಲು, ನೀರು, ಅಷ್ಟೇ. ಕಾಳು ಒಂದೂ ಇಲ್ಲ.

ಇವರು ರಾತ್ರಿಯಿಡೀ ಒಂದೇ ಕೈಯಲ್ಲಿ ಅದರ ಮೈಮೇಲಿನ ಕಂಬಳಿ ಸರಿಮಾಡುತ್ತಿದ್ದರು. ಈಗ ಬಂದು ಪಕ್ಕದಲ್ಲಿ ಕೂತರು.

"ನೀ ಹೇಳಿದ್ದಿ."

ಅಷ್ಟೇ. ನನ್ನ ಸಿಟ್ಟು ಹೋಗಿಲ್ಲ. ಆದರೆ ನಾನೂ ಕದ್ದು ಮಾಡಿದ್ದೆನಲ್ಲ. ಎದುರು ನಿಂತು ಜಗಳವಾಡಿದ್ದರೆ... ಕೇಳುತ್ತಿದ್ದರೋ ಇಲ್ಲವೋ. ಕುದುರೆಗೆ ಇದ್ಯಾವುದೂ ಗೊತ್ತಿಲ್ಲ. ಹಾಕಿದ್ದನ್ನು ತಿಂದಿತು, ಹೊಡೆದಾಗ ಓಡಿತು.

ಡಿಸೆಂಬರ್ 4, ಬೆಳಿಗ್ಗೆ 6.15

ನಿನ್ನೆ ಹರಣಿ ಟೆಂಪೋದಲ್ಲಿ ನಮ್ಮೂರು ಘೋಡಗೇರಿಗೆ ಬಂತು. ಇಳಿಯುವಾಗ ಹಿಂಗಾಲು ಸ್ವಲ್ಪ ಎಳೆಯಿತು. ಮತ್ತೆ ಶರ್ಯತ್ತಿಗೆ ಆಗುತ್ತದೋ ಇಲ್ಲವೋ, ಇವರು ಕೇಳಲಿಲ್ಲ, ಡಾಕ್ಟರಮ್ಮ ಹೇಳಲಿಲ್ಲ.

ಇವತ್ತು ಇವರು ನನಗಿಂತ ಮೊದಲು ಎದ್ದು ಅದರ ಹತ್ತಿರ ಹೋಗಿದ್ದಾರೆ. ಒಲೆಯ ಮೇಲೆ ಚಹಾ ಇಟ್ಟು ಇದನ್ನು ಬರೆಯುತ್ತಿದ್ದೆ. ಅಂಗಳದಿಂದ ಕೂಗಿದರು.

"ರಾಜೀ... ಕಣಕಿ ಎಷ್ಟ ಹಾಕ್ಲಿ?"

ಕಿವಿ ತಪ್ಪಿ ಕೇಳಿತೇನೋ ಅಂದುಕೊಂಡೆ. ಅತ್ತೆ ಜಪಮಣಿ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದಾರೆ. ಇವರು ಮತ್ತೆ ಕರೆಯುತ್ತಿದ್ದಾರೆ —

"ನೀ ಬಂದ ಹೇಳ. ನಾ ಹಾಕಂಗಿಲ್ಲ, ನೀ ಬರೂತನಾ..."

ಹೋಗಿ ಹೇಳಿ ಬರುತ್ತೇನೆ.